ಮೂರು ಮಿಲಿವಾಟ್‌ಗೆ ನಲವತ್ತು ವಾಟ್: ವಾಲ್ವ್ ಹೆಡ್‌ಫೋನ್ ಆಂಪ್ ಬಗ್ಗೆ ಒಂದಿಷ್ಟು ಮಾತು

(ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳ ಒಂದು ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಬರೆಯುವಾಗ ಕೆಲವು ಕಡೆ ಲೆಕ್ಕಗಳನ್ನು ಬಿಡಿಸಿ ಹೇಳಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಉರಿಯುತ್ತಿರುವುದು ವಾಲ್ವ್, ಅಂದರೆ ಗಾಳಿ ತೆಗೆದ ಗಾಜಿನ ಕೊಳವೆ, ಬಳಸಿ ಕಟ್ಟಿದ ಆಂಪ್ಲಿಫೈಯರ್. ಅದು ಗೋಡೆಯ ಪ್ಲಗ್‌ನಿಂದ ಸುಮಾರು 40 ವಾಟ್ ಎಳೆಯುತ್ತದೆ. ಪಕ್ಕದಲ್ಲಿರುವ ಹೆಡ್‌ಫೋನ್ ಸೆನ್‌ಹೈಸರ್ ಎಚ್‌ಡಿ 650. ಅದಕ್ಕೆ 1 ವೋಲ್ಟ್ ಕೊಟ್ಟರೆ 103 ಡೆಸಿಬಲ್ ಸದ್ದು ಬರುತ್ತದೆ. ಅಷ್ಟು ಜೋರಾಗಿ ಬಹಳ ಹೊತ್ತು ಕೇಳಿದರೆ ಕಿವಿಗೆ ಪೆಟ್ಟು. ಆ ಹೆಡ್‌ಫೋನ್ 300 ಓಮ್‌ನದು. 300 ಓಮ್‌ಗೆ 1 ವೋಲ್ಟ್ ಅಂದರೆ ಮೂರು ಚಿಲ್ಲರೆ ಮಿಲಿವಾಟ್, ಅಷ್ಟೇ. ಮೂರು ಮಿಲಿವಾಟ್ ಸಂಗೀತಕ್ಕೆ 40 ವಾಟ್ ವಿದ್ಯುತ್ ಸುಡುವ ಪೆಟ್ಟಿಗೆಯನ್ನು ಜನ ಇಷ್ಟಪಟ್ಟು ಕಟ್ಟುತ್ತಾರೆ, ರಾತ್ರಿ ಹನ್ನೆರಡರವರೆಗೆ ಕೂತು ಬೆಸುಗೆ ಹಾಕುತ್ತಾರೆ, ಹಳೇ ವಾಲ್ವ್‌ಗಾಗಿ ಊರೂರು ಹುಡುಕುತ್ತಾರೆ. ಯಾಕೆ ಅನ್ನುವುದೇ ಇವತ್ತಿನ ಮಾತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವಾಲ್ವ್‌ಗೆ ಒಗ್ಗುವ ಕೆಲಸ ಇಂದಿಗೂ ಒಂದಿದ್ದರೆ ಅದು ಹೆಡ್‌ಫೋನ್ ನಡೆಸುವ ಕೆಲಸ. ಅದರಿಂದ ಬರುವ ಸದ್ದಿನಲ್ಲಿ ಏನು ಬೇರೆ ಅನ್ನಿಸುತ್ತದೋ ಅದಕ್ಕೆ ಕಾರಣ ಇದೆ, ಆ ಕಾರಣವನ್ನು ಲೆಕ್ಕ ಹಾಕಿ ತೋರಿಸಬಹುದು. ಲೆಕ್ಕ ಗೊತ್ತಾದ ಮೇಲೆ ನನಗಂತೂ ಇದರ ಮೇಲಿನ ಪ್ರೀತಿ ಜಾಸ್ತಿಯೇ ಆಯಿತು.

ಮೊದಲು ಈ ವಾಲ್ವ್ ನೋಡಿ. ಕೈಯಿಂದ ಕೈಗೆ ದಾಟಿಸಿ, ತಣ್ಣಗಿದೆ. ಇದರ ಹೆಸರು 6ಎಎಸ್7ಜಿ. ಅಂಗೈ ಉದ್ದದ ಗಾಜು, ನಡುವೆ ಉಬ್ಬಿ ಮೇಲೆ ಸಣ್ಣಗಾಗಿದೆ. ಕೆಳಗೆ ಕಪ್ಪು ಬುಡ, ಎಂಟು ಪಿನ್, ಮಧ್ಯದಲ್ಲಿ ಒಂದು ಗೂಟ. ಗೂಟದಲ್ಲಿ ಏಣು ಇರುವುದರಿಂದ ಸಾಕೆಟ್‌ಗೆ ಒಂದೇ ರೀತಿ ಕೂರುತ್ತದೆ, ತಪ್ಪಾಗಿ ಹಾಕಲು ಆಗುವುದಿಲ್ಲ. ಗಾಜಿನೊಳಗೆ ಕನ್ನಡಿಯ ಹಾಗೆ ಹೊಳೆಯುವ ಬೆಳ್ಳಿ ಬಣ್ಣದ ಲೇಪ ಕಾಣುತ್ತದೆ ಅಲ್ವಾ? ಅದಕ್ಕೆ ಗೆಟರ್ ಅನ್ನುತ್ತಾರೆ. ಬೇರಿಯಂ ಲೋಹವನ್ನು ಒಳಗೇ ಸುಟ್ಟು ಗಾಜಿಗೆ ಅಂಟಿಸಿದ್ದಾರೆ. ಉಳಿದ ಚೂರುಪಾರು ಅನಿಲವನ್ನು ಅದು ಹೀರಿಕೊಳ್ಳುತ್ತದೆ. ಹಳೇ ವಾಲ್ವ್ ಕೊಳ್ಳುವಾಗ ಮೊದಲು ಇದನ್ನೇ ನೋಡಬೇಕು. ಬೆಳ್ಳಿ ಬಣ್ಣ ಹೋಗಿ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಜಿನಲ್ಲಿ ಎಲ್ಲೋ ಬಿರುಕು ಬಿಟ್ಟು ಗಾಳಿ ಒಳಗೆ ಹೋಗಿದೆ ಎಂದರ್ಥ. ಅದನ್ನು ಅಲ್ಲೇ ಇಟ್ಟು ಬನ್ನಿ.

ಒಳಗಿನ ಕೆಲಸ ಸರಳ. ಹೀಟರ್ ಕೆಂಪಗೆ ಕಾಯುತ್ತದೆ. ಅದರ ಸುತ್ತ ಇರುವ ಕ್ಯಾಥೋಡ್ ಬಿಸಿಯಾಗಿ ಎಲೆಕ್ಟ್ರಾನ್‌ಗಳನ್ನು ಬಿಡುತ್ತದೆ. ಹೊರಗಿರುವ ಪ್ಲೇಟ್‌ಗೆ ನೂರಾರು ವೋಲ್ಟ್ ಪಾಸಿಟಿವ್ ಕೊಟ್ಟಿರುವುದರಿಂದ ಅವು ಅತ್ತ ಓಡುತ್ತವೆ. ಮಧ್ಯೆ ತೆಳು ತಂತಿಯ ಗ್ರಿಡ್. ಗ್ರಿಡ್‌ನ ವೋಲ್ಟೇಜ್ ಸ್ವಲ್ಪ ಏರಿಳಿದರೆ ಪ್ಲೇಟ್‌ಗೆ ಹೋಗುವ ಕರೆಂಟ್ ತುಂಬಾ ಏರಿಳಿಯುತ್ತದೆ. ಫ್ಲೆಮಿಂಗ್ 1904ರಲ್ಲಿ ಎರಡು ಭಾಗದ ವಾಲ್ವ್ ಮಾಡಿದರು, 1906ರಲ್ಲಿ ಲೀ ಡಿ ಫಾರೆಸ್ಟ್ ಮೂರನೆಯ ಭಾಗ, ಅಂದರೆ ಗ್ರಿಡ್, ಸೇರಿಸಿದರು. ಹೀಗೆ ಮೂರು ಭಾಗ ಇರುವ ವಾಲ್ವ್‌ಗೆ ಟ್ರಯೋಡ್ ಅನ್ನುತ್ತಾರೆ. ಈ ಗಾಜಿನೊಳಗೂ ನಡೆಯುವುದು ಅದೇ.

ಈ 6ಎಎಸ್7ಜಿ ಹಾಡು ಕೇಳಲು ಹುಟ್ಟಿದ್ದಲ್ಲ. ಎರಡನೇ ಮಹಾಯುದ್ಧ ಮುಗಿದ ಹೊತ್ತಿನಲ್ಲಿ ಆರ್‌ಸಿಎ ಕಂಪನಿ ಇದನ್ನು ತಂದಿತು. ಅಳತೆ ಉಪಕರಣಗಳ ಪವರ್ ಸಪ್ಲೈನಲ್ಲಿ ವೋಲ್ಟೇಜ್ ಹದ್ದುಬಸ್ತಿನಲ್ಲಿಡುವುದು ಇದರ ಕೆಲಸ. ಅದಕ್ಕೆ ಕಡಿಮೆ ವೋಲ್ಟೇಜ್‌ನಲ್ಲಿ ಜಾಸ್ತಿ ಕರೆಂಟ್ ಬಿಡುವ ವಾಲ್ವ್ ಬೇಕಿತ್ತು. ಹಾಗಾಗಿ ಇದರ ವರ್ಧನೆ ಬರೀ 2. ಆದರೆ ಒಳಗಿನ ರೆಸಿಸ್ಟೆನ್ಸ್ ತೀರಾ ಕಮ್ಮಿ, ಸುಮಾರು 280 ಓಮ್. ಹೀಟರ್‌ಗೆ 6.3 ವೋಲ್ಟ್, 2.5 ಆಂಪ್. ಅಂದರೆ ಬರೀ ಬಿಸಿ ಮಾಡಲಿಕ್ಕೇ ಹದಿನಾರು ವಾಟ್ ಬೇಕು. ಮೊದಲು ಹೇಳಿದ 40 ವಾಟ್‌ನಲ್ಲಿ ದೊಡ್ಡ ಪಾಲು ಹೋಗುವುದು ಇಲ್ಲಿಗೇ.

ಇದರ ಮುಂದೆ ಕೂತಿರುವ ಪುಟ್ಟ ವಾಲ್ವ್ 6ಎಸ್‌ಎನ್7. ಅದರ ವರ್ಧನೆ 20. ರೇಡಾರ್, ಟಿವಿ ಎಲ್ಲದರಲ್ಲೂ ಕೆಲಸ ಮಾಡಿದ ವಾಲ್ವ್. 1946ರಲ್ಲಿ ಜಗತ್ತಿಗೆ ತೋರಿಸಿದ ಎನಿಯಾಕ್ ಕಂಪ್ಯೂಟರ್‌ನಲ್ಲಿ ಸುಮಾರು 18,000 ವಾಲ್ವ್ ಇದ್ದವು. ಅದರಲ್ಲಿ ಅಂಕಿ ನೆನಪಿಟ್ಟುಕೊಳ್ಳುವ ಸರ್ಕ್ಯೂಟ್‌ಗಳಿಗೆ ಈ 6ಎಸ್‌ಎನ್7 ಬಳಸಿದ್ದರು.

ಒಂದು ಗಾಜಿನೊಳಗೆ ಎರಡು ಟ್ರಯೋಡ್ ಇರುತ್ತವೆ, ಒಂದು ಎಡಗಿವಿಗೆ, ಒಂದು ಬಲಗಿವಿಗೆ. ಆದ್ದರಿಂದ ಎರಡೇ ವಾಲ್ವ್‌ನಲ್ಲಿ ಸ್ಟೀರಿಯೋ ಆಂಪ್ ಮುಗಿಯುತ್ತದೆ. ಮೊದಲ ವಾಲ್ವ್ ವೋಲ್ಟೇಜ್ ಹೆಚ್ಚಿಸುತ್ತದೆ, ಎರಡನೆಯದು ಅದನ್ನು ಹೆಡ್‌ಫೋನ್ ಎಳೆಯುವಷ್ಟು ಗಟ್ಟಿ ಮಾಡುತ್ತದೆ. ಚೀನಾದ ಡಾರ್ಕ್‌ವಾಯ್ಸ್ 336ಎಸ್‌ಇ ಆಂಪ್‌ನಲ್ಲಿರುವುದು ಇದೇ ಜೋಡಿ. ಅಮೆರಿಕದ ಬಾಟಲ್‌ಹೆಡ್‌ನವರ ಕ್ರ್ಯಾಕ್ ಕಿಟ್‌ನಲ್ಲಿ ಮುಂದಿನ ವಾಲ್ವ್ 12ಎಯು7, ಹಿಂದಿನದು 6080. 6080 ಅಂದರೆ 6ಎಎಸ್7ರ ತಮ್ಮ, ನೇರ ಗಾಜಿನದು. ಆ ಕಿಟ್ ಕಟ್ಟಿ ಈ ಹವ್ಯಾಸಕ್ಕೆ ಬಿದ್ದವರು ಲೋಕದ ತುಂಬಾ ಇದ್ದಾರೆ.

ಈಗ ವಾಲ್ವ್‌ಗೂ ಹೆಡ್‌ಫೋನ್‌ಗೂ ಯಾಕೆ ಹೊಂದುತ್ತದೆ ನೋಡೋಣ. ವಾಲ್ವ್‌ಗೆ ವೋಲ್ಟೇಜ್ ಕೊಡುವುದು ಸುಲಭ, ಕರೆಂಟ್ ಕೊಡುವುದು ಕಷ್ಟ. ಸ್ಪೀಕರ್ ಕೇಳುವುದು ಕರೆಂಟ್. ಅದರ ಇಂಪೀಡೆನ್ಸ್, ಅಂದರೆ ಕರೆಂಟ್‌ಗೆ ಅದು ಒಡ್ಡುವ ತಡೆ, 8 ಓಮ್, ಕೆಲವೊಮ್ಮೆ 4. ಹಾಗಾಗಿ ವಾಲ್ವ್ ಪವರ್ ಆಂಪ್‌ಗಳಲ್ಲಿ ಕಬ್ಬಿಣದ ದೊಡ್ಡ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಡಬೇಕು. ಇಡೀ ಆಂಪ್‌ನಲ್ಲಿ ಅತಿ ದುಬಾರಿ, ಅತಿ ಭಾರ, ಚೆನ್ನಾಗಿ ಮಾಡಲು ಅತಿ ಕಷ್ಟವಾದ ಸಾಮಾನು ಅದು. 1950ರ ದಶಕದಲ್ಲಿ ನ್ಯೂಯಾರ್ಕ್‌ನ ಜೂಲಿಯಸ್ ಫಟರ್‌ಮನ್ ಟ್ರಾನ್ಸ್‌ಫಾರ್ಮರ್ ಇಲ್ಲದ ವಾಲ್ವ್ ಆಂಪ್ ಮಾಡಿ ತೋರಿಸಿದರು. ಅದಕ್ಕೆ ಒಟಿಎಲ್ (ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ಲೆಸ್) ಎಂದು ಹೆಸರಾಯಿತು. ಸ್ಪೀಕರ್‌ಗೆ ಒಟಿಎಲ್ ಮಾಡಬೇಕಾದರೆ ಸಾಲುಗಟ್ಟಿ ವಾಲ್ವ್ ನಿಲ್ಲಿಸಬೇಕು, ಅವು ಬೀರುವ ಬಿಸಿಗೆ ಕೋಣೆಯೇ ಕಾಯುತ್ತದೆ. 300 ಓಮ್ ಹೆಡ್‌ಫೋನ್‌ಗೆ ಅರ್ಧ 6ಎಎಸ್7 ಸಾಕು. ಟ್ರಾನ್ಸ್‌ಫಾರ್ಮರ್ ಖರ್ಚಿಲ್ಲ, ಸಾಲು ವಾಲ್ವ್ ಬೇಡ. ಸ್ಪೀಕರ್ ಜಗತ್ತಿನಲ್ಲಿ ದೊಡ್ಡ ಶ್ರೀಮಂತರ ಹುಚ್ಚಾಗಿದ್ದದ್ದು ಹೆಡ್‌ಫೋನ್ ಜಗತ್ತಿಗೆ ಬಂದಾಗ ಒಬ್ಬ ವಿದ್ಯಾರ್ಥಿ ಕಟ್ಟಬಹುದಾದ ಪ್ರಾಜೆಕ್ಟ್ ಆಗುತ್ತದೆ. ನನಗೆ ಇದು ತುಂಬಾ ಖುಷಿ ಕೊಡುವ ಸಂಗತಿ.

ಎಲೆಕ್ಟ್ರೋಸ್ಟಾಟಿಕ್ (ಹೆಚ್ಚು ವೋಲ್ಟೇಜಿನ ಸೆಳೆತದಿಂದ ತೆಳು ಹಾಳೆ ಅಲುಗಿಸುವ) ಹೆಡ್‌ಫೋನ್‌ಗಳ ವಿಷಯದಲ್ಲಿ ಈ ಮಾತು ಇನ್ನೂ ನಿಜ. ಜಪಾನಿನ ಸ್ಟಾಕ್ಸ್ ಕಂಪನಿಯ ಪ್ರೊ ಮಾದರಿಗಳಿಗೆ 580 ವೋಲ್ಟ್ ಬಯಾಸ್ (ಸ್ಥಿರವಾಗಿ ಕೊಟ್ಟಿರುವ ವೋಲ್ಟೇಜ್) ಬೇಕು, ಸಿಗ್ನಲ್ ಕೂಡ ನೂರಾರು ವೋಲ್ಟ್. ಕರೆಂಟ್ ಮಾತ್ರ ಅತ್ಯಲ್ಪ. ವಾಲ್ವ್‌ಗೆ ಹೇಳಿ ಮಾಡಿಸಿದ ಕೆಲಸ. ಸೆನ್‌ಹೈಸರ್ 1991ರಲ್ಲಿ ತಂದ ಇದೇ ಬಗೆಯ ಆರ್ಫಿಯಸ್ ಹೆಡ್‌ಫೋನ್‌ನ ಆಂಪ್ ಕೂಡ ವಾಲ್ವ್‌ನದೇ. ಬೆಲೆ ನಮ್ಮ ನಿಮ್ಮ ಕೈಗೆ ಎಟಕುವುದಿಲ್ಲ, ಆದ್ದರಿಂದ ಅದನ್ನು ಇಲ್ಲಿಗೇ ಬಿಡೋಣ.

ಈಗ ಸದ್ದಿನ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

6ಎಎಸ್7 ಕ್ಯಾಥೋಡ್‌ನಿಂದ ಸಿಗ್ನಲ್ ತೆಗೆದಾಗ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ 100 ಓಮ್ ಆಸುಪಾಸು ಬರುತ್ತದೆ. 280 ಓಮ್ ಅನ್ನು ವರ್ಧನೆಗೆ ಒಂದು ಸೇರಿಸಿ, ಅಂದರೆ 3ರಿಂದ ಭಾಗಿಸಿದರೆ 93. ನಿಜ ಸರ್ಕ್ಯೂಟ್‌ನಲ್ಲಿ ಸ್ವಲ್ಪ ಜಾಸ್ತಿ, 120 ಓಮ್ ಎಂದು ಇಟ್ಟುಕೊಳ್ಳಿ. ಇದೇ ಜಾಗದಲ್ಲಿ 6ಎಸ್‌ಎನ್7 ಇಟ್ಟಿದ್ದರೆ ಸುಮಾರು 370 ಓಮ್ ಆಗುತ್ತಿತ್ತು. ಅದಕ್ಕೇ ಆ ದಪ್ಪ ವಾಲ್ವ್ ಬೇಕಾದದ್ದು. ಮಾಮೂಲಿ ಟ್ರಾನ್ಸಿಸ್ಟರ್ ಹೆಡ್‌ಫೋನ್ ಆಂಪ್‌ನಲ್ಲಿ ಇದು 1 ಓಮ್‌ಗಿಂತ ಕಮ್ಮಿ ಇರುವುದೂ ಉಂಟು.

ಔಟ್‌ಪುಟ್ ಇಂಪೀಡೆನ್ಸ್ ಜಾಸ್ತಿ ಆದರೆ ಏನಾಗುತ್ತದೆ? ಟ್ಯಾಂಕ್‌ನಿಂದ ಬರುವ ಪೈಪ್ ಸಣ್ಣದಿದೆ ಎಂದುಕೊಳ್ಳಿ. ನಲ್ಲಿ ಸ್ವಲ್ಪ ತಿರುಗಿಸಿದಾಗ ನೀರಿನ ರಭಸ ಚೆನ್ನಾಗಿರುತ್ತದೆ, ಪೂರ್ತಿ ತಿರುಗಿಸಿದರೆ ರಭಸ ಬಿದ್ದುಹೋಗುತ್ತದೆ. ಹೆಡ್‌ಫೋನ್‌ನ ಇಂಪೀಡೆನ್ಸ್ ಕಮ್ಮಿ ಇರುವ ಕಡೆ ವೋಲ್ಟೇಜ್ ಬೀಳುತ್ತದೆ, ಜಾಸ್ತಿ ಇರುವ ಕಡೆ ಅಷ್ಟು ಬೀಳುವುದಿಲ್ಲ.

ಎಚ್‌ಡಿ 650 ಹೆಸರಿಗೆ 300 ಓಮ್. ಆದರೆ 100 ಹರ್ಟ್ಸ್ ಹತ್ತಿರ ಅದರ ಡಯಾಫ್ರಮ್ ಅನುರಣಿಸುತ್ತದೆ, ಅಲ್ಲಿ ಇಂಪೀಡೆನ್ಸ್ ಸುಮಾರು 500 ಓಮ್‌ಗೆ ಏರುತ್ತದೆ. 120 ಓಮ್ ಆಂಪ್ ಹಿಡಿದು ಲೆಕ್ಕ ಹಾಕಿ. 300 ಇರುವ ಕಡೆ 300 ಭಾಗಿಸು 420, ಅಂದರೆ 0.71. 500 ಇರುವ ಕಡೆ 500 ಭಾಗಿಸು 620, ಅಂದರೆ 0.81. ಎರಡರ ಅಂತರ ಸುಮಾರು 1 ಡೆಸಿಬಲ್. ಅಂದರೆ ಮಂದ್ರದ ಒಂದು ಜಾಗದಲ್ಲಿ ಸದ್ದು 1 ಡೆಸಿಬಲ್ ಮೇಲೆ ನಿಲ್ಲುತ್ತದೆ. ಮೃದಂಗದ ತೊಪ್ಪಿಯ ಗುಮ್ಕಿ ಸ್ವಲ್ಪ ತುಂಬಿಕೊಂಡಂತೆ, ಗಂಡು ದನಿಗೆ ಸ್ವಲ್ಪ ಮೈ ಬಂದಂತೆ ಅನ್ನಿಸುತ್ತದೆ. "ವಾಲ್ವ್‌ನ ಬೆಚ್ಚನೆಯ ಸದ್ದು" ಎಂದು ಜನ ಕೊಂಡಾಡುವುದರಲ್ಲಿ ಬಹುಪಾಲು ಈ 1 ಡೆಸಿಬಲ್ ಎಂದು ನನ್ನ ನಂಬಿಕೆ.

ಪರೀಕ್ಷೆ ಮಾಡಲು ಸುಲಭ ದಾರಿ ಇದೆ. ಇಲ್ಲೊಂದು ಪುಟ್ಟ ಅಡಾಪ್ಟರ್ ತಂದಿದ್ದೇನೆ. ಒಂದು ಕಡೆ ಹೆಡ್‌ಫೋನ್ ಜ್ಯಾಕ್, ಇನ್ನೊಂದು ಕಡೆ ಪ್ಲಗ್, ಒಳಗೆ ಪ್ರತಿ ಚಾನೆಲ್‌ಗೆ ಒಂದೊಂದು 120 ಓಮ್ ರೆಸಿಸ್ಟರ್. ಎಸ್.ಪಿ. ರೋಡ್‌ನಲ್ಲಿ ಚಿಲ್ಲರೆ ಕಾಸಿಗೆ ಸಿಗುವ ರೆಸಿಸ್ಟರ್. ಒಳ್ಳೇ ಟ್ರಾನ್ಸಿಸ್ಟರ್ ಆಂಪ್‌ಗೆ ಇದನ್ನು ಸಿಕ್ಕಿಸಿ, ಮೇಲೆ ಎಚ್‌ಡಿ 650 ಹಾಕಿ. ವಾಲ್ಯೂಮ್ ಸುಮಾರು 3 ಡೆಸಿಬಲ್ ಇಳಿಯುತ್ತದೆ, ಅದನ್ನು ಸರಿಹೊಂದಿಸಿಕೊಳ್ಳಿ. ಈ ಹೊಂದಿಸುವ ಕೆಲಸ ಬಿಡಬೇಡಿ. ಕಿವಿಗೆ ಜೋರಾಗಿರುವುದೇ ಯಾವಾಗಲೂ ಚೆಂದ ಅನ್ನಿಸುತ್ತದೆ. ಆಮೇಲೆ ವಾಲ್ವ್ ಆಂಪ್ ಜೊತೆ ಹೋಲಿಸಿ. ಅಂತರ ಎಷ್ಟು ಕಮ್ಮಿ ಆಗುತ್ತದೆ ನೀವೇ ನೋಡಿ. ಬಿಡುವಿನಲ್ಲಿ ಎಲ್ಲರೂ ಬಂದು ಕೇಳಬಹುದು.

ಹಾಗಂತ 120 ಓಮ್ ಒಂದು ದೋಷ ಎಂದು ತಿಳಿಯಬೇಡಿ. 1996ರ ಅಂತರರಾಷ್ಟ್ರೀಯ ಐಇಸಿ 61938 ಮಾನದಂಡದಲ್ಲಿ ಹೆಡ್‌ಫೋನ್ ಔಟ್‌ಪುಟ್‌ಗೆ ಹೇಳಿದ್ದೇ 120 ಓಮ್. ಎಚ್‌ಡಿ 600 ಬಂದದ್ದು 1997ರಲ್ಲಿ, 650 ಬಂದದ್ದು 2003ರಲ್ಲಿ. ಆ ಕಾಲದಲ್ಲಿ ಎಷ್ಟೋ ರಿಸೀವರ್‌ಗಳ ಹೆಡ್‌ಫೋನ್ ಜ್ಯಾಕ್ ಹಿಂದೆ ದೊಡ್ಡ ರೆಸಿಸ್ಟರ್ ಇರುತ್ತಿತ್ತು.

ಅದೇ ಆಂಪ್‌ಗೆ 32 ಓಮ್ ಹೆಡ್‌ಫೋನ್ ಹಾಕಿದರೆ ಕಥೆ ಕೆಡುತ್ತದೆ. ಮಂದ್ರದಲ್ಲಿ ಅದು 60 ಓಮ್‌ಗೆ ಏರುತ್ತದೆ ಎಂದುಕೊಂಡರೆ ಅಂತರ 1 ಡೆಸಿಬಲ್ ಇದ್ದದ್ದು 4 ಆಗುತ್ತದೆ. ಬಾಸ್ ಊದಿಕೊಂಡು ಗೊಜ್ಜಾಗುತ್ತದೆ. ಇನ್ನೊಂದು ಸಣ್ಣ ತೊಂದರೆಯೂ ಇದೆ. ಒಟಿಎಲ್ ಆಂಪ್‌ನಲ್ಲಿ ಕ್ಯಾಥೋಡ್ ಮೇಲೆ ನೂರು ವೋಲ್ಟ್ ಡಿಸಿ ಕೂತಿರುತ್ತದೆ. ಅದು ಹೆಡ್‌ಫೋನ್‌ಗೆ ಹೋಗದಂತೆ ಮಧ್ಯೆ ಕೆಪ್ಯಾಸಿಟರ್ ಇಟ್ಟಿರುತ್ತೇವೆ. ಅದು 100 ಮೈಕ್ರೋಫ್ಯಾರಡ್ ಆದರೆ, ಆಂಪ್‌ನ 120 ಓಮ್ ಕೂಡ ಲೆಕ್ಕಕ್ಕೆ ಸೇರಿಸಿ, 300 ಓಮ್ ಜೊತೆ 4 ಹರ್ಟ್ಸ್‌ವರೆಗೆ ಸಿಗ್ನಲ್ ಬಿಡುತ್ತದೆ. 32 ಓಮ್ ಆದರೆ 10 ಹರ್ಟ್ಸ್ ಆಸುಪಾಸಿನಲ್ಲೇ ಕತ್ತರಿ. ಅಂದರೆ ಒಂದು ಕಡೆ ಊತ, ಅದರ ತುಂಬಾ ಕೆಳಗೆ ಸ್ವಲ್ಪ ಕೊರತೆ. ಪ್ಲೇನರ್ (ಚಪ್ಪಟೆ ತೆಳು ಹಾಳೆಯ ಮೇಲೇ ವಾಹಕ ಹರಡಿರುವ) ಹೆಡ್‌ಫೋನ್‌ಗಳ ಇಂಪೀಡೆನ್ಸ್ ಎಲ್ಲ ಕಡೆ ಒಂದೇ ಇರುತ್ತದೆ, ಊತ ಬರುವುದಿಲ್ಲ, ಆದರೆ ಅವು ಕೇಳುವ ಕರೆಂಟ್ ಕೊಡಲು ಈ ವಾಲ್ವ್‌ಗೆ ಶಕ್ತಿ ಇಲ್ಲ. ಕಿವಿಯೊಳಗೆ ಹಾಕುವ ಆರ್ಮೇಚರ್ ಇಯರ್‌ಫೋನ್‌ಗಳನ್ನಂತೂ ಒಟಿಎಲ್ ಹತ್ತಿರ ತರಲೇಬೇಡಿ. "ವಾಲ್ವ್ ಆಂಪ್ ತಗೊಂಡೆ, ಚೆನ್ನಾಗೇ ಇಲ್ಲ" ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಹೆಡ್‌ಫೋನ್ ಎಷ್ಟು ಓಮ್ ಎಂದು. ಬೇಯರ್‌ಡೈನಾಮಿಕ್ ಡಿಟಿ 880ರ 600 ಓಮ್ ಮಾದರಿ ಇದ್ದರೆ ತನ್ನಿ. ಅದನ್ನು ಈ ಆಂಪ್ ಆರಾಮಾಗಿ ನಡೆಸುತ್ತದೆ.

ಹಾರ್ಮೋನಿಕ್ ವಿಷಯವನ್ನೂ ಹೇಳಬೇಕು. ಒಂಟಿ ಟ್ರಯೋಡ್ ಯಾವ ತಿದ್ದುಪಡಿಯೂ (ಫೀಡ್‌ಬ್ಯಾಕ್) ಇಲ್ಲದೆ ಕೆಲಸ ಮಾಡುವಾಗ ಅದು ಸೇರಿಸುವುದು ಮುಖ್ಯವಾಗಿ ಎರಡನೆಯ ಹಾರ್ಮೋನಿಕ್. ಅಂದರೆ ನೀವು ಮಧ್ಯ ಷಡ್ಜ ಕೊಟ್ಟರೆ ಅದರ ಜೊತೆ ತಾರ ಷಡ್ಜದ ಒಂದು ಎಳೆ ಸೇರುತ್ತದೆ. ಮೂರನೆಯದು ತಾರ ಸ್ಥಾಯಿಯ ಪಂಚಮ. ಸಂಗೀತ ಗೊತ್ತಿರುವವರಿಗೆ ಇವು ಯಾಕೆ ಕಿವಿಗೆ ಚುಚ್ಚುವುದಿಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. ತಂಬೂರಿಯಲ್ಲಿ ಇವೇ ತುಂಬಿರುತ್ತವೆ. ಆದರೆ ಹೆಡ್‌ಫೋನ್‌ಗೆ ಬೇಕಾದ ಅರ್ಧ ವೋಲ್ಟ್, ಕಾಲು ವೋಲ್ಟ್ ಮಟ್ಟದಲ್ಲಿ, ಸರಿಯಾಗಿ ಕಟ್ಟಿದ ಆಂಪ್‌ನಲ್ಲಿ ಈ ಎಳೆ ತುಂಬಾ ತೆಳು. ಕಣ್ಣು ಮುಚ್ಚಿಕೊಂಡು ಅದನ್ನು ಗುರುತಿಸುವುದು ಕಷ್ಟ. ಇಂಪೀಡೆನ್ಸ್‌ನ ಪರಿಣಾಮ ಅದಕ್ಕಿಂತ ದೊಡ್ಡದು.

ಹಾಗಾದರೆ ರೆಸಿಸ್ಟರ್ ಸಿಕ್ಕಿಸಿಕೊಂಡು ಸುಮ್ನೆ ಇರಬಹುದಲ್ಲ, ವಾಲ್ವ್ ಯಾಕೆ? ಈ ಪ್ರಶ್ನೆಗೆ ನನ್ನ ಉತ್ತರ ಈ ಆಂಪ್‌ನ ಹೊಟ್ಟೆಯೊಳಗಿದೆ. ಆಫ್ ಮಾಡಿ, ಕೆಪ್ಯಾಸಿಟರ್ ಖಾಲಿ ಮಾಡಿ, ತಿರುಗಿಸಿ ತೋರಿಸುತ್ತೇನೆ. ನೋಡಿ, ಬೋರ್ಡ್ ಇಲ್ಲ. ಸಾಕೆಟ್‌ನ ಕಿವಿಗಳಿಂದ ಟ್ಯಾಗ್ ಪಟ್ಟಿಗೆ ರೆಸಿಸ್ಟರ್‌ಗಳನ್ನು ನೇರ ಎಳೆದು ಬೆಸುಗೆ ಹಾಕಿದೆ. ಒಂದು ಚಾನೆಲ್‌ಗೆ ಇರುವ ಸಾಮಾನು ಎರಡು ಕೈಯ ಬೆರಳುಗಳಲ್ಲಿ ಎಣಿಸಿ ಮುಗಿಸಬಹುದು. ಈ ದಪ್ಪ ಬಿಳಿ ರೆಸಿಸ್ಟರ್ 3 ಕಿಲೋಓಮ್, 6ಎಎಸ್7 ಕ್ಯಾಥೋಡ್‌ನಿಂದ ನೆಲಕ್ಕೆ ಹೋಗಿದೆ. ಆನ್ ಆಗಿರುವಾಗ ಇದರ ಮೇಲೆ ಮಲ್ಟಿಮೀಟರ್ ಇಟ್ಟರೆ 100 ವೋಲ್ಟ್ ತೋರಿಸುತ್ತದೆ. 100 ಭಾಗಿಸು 3,000, ಅಂದರೆ 33 ಮಿಲಿಆಂಪ್ ಹರಿಯುತ್ತಿದೆ. 100 ವೋಲ್ಟ್, 33 ಮಿಲಿಆಂಪ್ ಅಂದರೆ ಈ ರೆಸಿಸ್ಟರ್ 3.3 ವಾಟ್ ಬಿಸಿ ಕಕ್ಕುತ್ತಿದೆ. ಅದಕ್ಕೇ 10 ವಾಟ್‌ನದು ಹಾಕಿದ್ದೇವೆ. ಮೇಲಿನ ಸಪ್ಲೈ 170 ವೋಲ್ಟ್, ಹಾಗಾಗಿ ವಾಲ್ವ್‌ನ ಪಾಲಿಗೆ 70 ವೋಲ್ಟ್ ಉಳಿಯಿತು. ಒಂದು ಅಳತೆಯಿಂದ ಇಷ್ಟೂ ಗೊತ್ತಾಯಿತು.

ಹೈಸ್ಕೂಲಿನ ಓಮ್ ನಿಯಮ ಗೊತ್ತಿದ್ದವರು ಒಂದು ಮಧ್ಯಾಹ್ನದಲ್ಲಿ ಈ ಆಂಪ್‌ನ ಪ್ರತಿಯೊಂದು ಸಾಮಾನು ಯಾಕಿದೆ ಎಂದು ತಿಳಿದುಕೊಳ್ಳಬಹುದು. ಫೋನಿನೊಳಗಿನ ಚಿಪ್ ಇದಕ್ಕಿಂತ ಎಷ್ಟೋ ಶುದ್ಧವಾಗಿ ಕೆಲಸ ಮಾಡುತ್ತದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಅದನ್ನು ತೆರೆದು ನೋಡಿ ಕಲಿಯಲು ನಮಗೆ ದಾರಿ ಇಲ್ಲ. ಇಲ್ಲಿ ಒಂದು ರೆಸಿಸ್ಟರ್ ಬದಲಿಸಿದರೆ ಏನಾಯಿತು ಎಂದು ಮೀಟರ್ ಹೇಳುತ್ತದೆ, ಕಿವಿಯೂ ಹೇಳುತ್ತದೆ. ಹಮ್, ಅಂದರೆ ವಿದ್ಯುತ್ತಿನಿಂದ ಬರುವ ಗುಂಯ್ ಸದ್ದು, ಬಂತು ಎಂದುಕೊಳ್ಳಿ. 50 ಹರ್ಟ್ಸ್ ಹಮ್ ಆದರೆ ಹೀಟರ್ ತಂತಿ ಅಥವಾ ಅರ್ಥಿಂಗ್ ನೋಡಬೇಕು, 100 ಹರ್ಟ್ಸ್ ಆದರೆ ರೆಕ್ಟಿಫೈಯರ್ ನಂತರದ ಫಿಲ್ಟರ್ ನೋಡಬೇಕು. ಹೆಡ್‌ಫೋನ್ ಕಿವಿಗೆ ಅಂಟಿಕೊಂಡಿರುವುದರಿಂದ ಸ್ಪೀಕರ್‌ನಲ್ಲಿ ಕೇಳಿಸದ ಹಮ್ ಕೂಡ ಇಲ್ಲಿ ಕೇಳಿಸುತ್ತದೆ. ಹೀಟರ್ ತಂತಿಗಳನ್ನು ಜಡೆಯಂತೆ ಬಿಗಿಯಾಗಿ ಹೊಸೆದು ಮೂಲೆಗೆ ಒತ್ತಿದಾಗ ಆ ಹಮ್ ಕರಗಿಹೋಗುವುದನ್ನು ಒಮ್ಮೆ ಕೇಳಿದವರು ಈ ಹವ್ಯಾಸ ಬಿಡುವುದು ಕಷ್ಟ.

ಟ್ಯೂಬ್ ರೋಲಿಂಗ್ ಬಗ್ಗೆ ಹೇಳದಿದ್ದರೆ ಕೆಲವರಿಗೆ ಬೇಜಾರಾಗುತ್ತದೆ. ಅದೇ ಸಾಕೆಟ್‌ಗೆ ಬೇರೆ ಕಂಪನಿಯ, ಬೇರೆ ಕಾಲದ ವಾಲ್ವ್ ಹಾಕಿ ಕೇಳುವ ಆಟ. ಟಂಗ್‌ಸೋಲ್, ಸಿಲ್ವೇನಿಯಾ, ಕೆನ್‌ರಾಡ್, ಸೋವಿಯತ್ ಕಾಲದ 6ಎನ್8ಎಸ್, ಹೀಗೆ ಪಟ್ಟಿ ಉದ್ದವಾಗುತ್ತದೆ. ನಾನೂ ಈ ಆಟ ಆಡುತ್ತೇನೆ, ಇಷ್ಟಪಟ್ಟೇ ಆಡುತ್ತೇನೆ. ಆದರೆ ಎಲ್ಲಿ ಕಾರಣ ಇದೆ, ಎಲ್ಲಿ ಇಲ್ಲ ಎಂದು ಬೇರೆ ಮಾಡಿ ನೋಡಬೇಕು. 6ಎಎಸ್7 ಜಾಗದಲ್ಲಿ ಟಂಗ್‌ಸೋಲ್‌ನ 5998 ಹಾಕಿದರೆ ಬದಲಾವಣೆ ನಿಜ. ಅದರ ವರ್ಧನೆ 2ರ ಬದಲು ಐದೂ ಚಿಲ್ಲರೆ, ಅದರಿಂದ ಔಟ್‌ಪುಟ್ ಇಂಪೀಡೆನ್ಸ್ ಹೆಚ್ಚುಕಮ್ಮಿ ಅರ್ಧಕ್ಕೆ ಬರುತ್ತದೆ, ಸದ್ದೂ ಸ್ವಲ್ಪ ಜೋರಾಗುತ್ತದೆ. ಬಾಸ್ ಬಿಗಿಯಾಯಿತು ಎಂದು ಜನ ಹೇಳುವುದಕ್ಕೆ ಇಲ್ಲಿ ಲೆಕ್ಕದ ಬೆಂಬಲ ಇದೆ. ಒಂದೇ ನಮೂನೆಯ ಎರಡು 6ಎಸ್‌ಎನ್7 ನಡುವೆ, ಎರಡೂ ಚೆನ್ನಾಗಿದ್ದಾಗ, ಅಂತಹ ಬೆಂಬಲ ಸಿಗುವುದು ಅಪರೂಪ. ಅಲ್ಲಿ ನಿಜವಾದ ವ್ಯತ್ಯಾಸ ಸದ್ದುಗದ್ದಲದಲ್ಲಿ, ಎರಡು ಚಾನೆಲ್ ಸಮ ಇವೆಯೇ ಅನ್ನುವುದರಲ್ಲಿ, ಬೆರಳಿಂದ ತಟ್ಟಿದರೆ ಕಿವಿಯಲ್ಲಿ ಟಿಂಗ್ ಅನ್ನುತ್ತದೆಯೇ ಅನ್ನುವುದರಲ್ಲಿ ಇರುತ್ತದೆ. ವಾಲ್ವ್ ಮೇಲಿನ ಅಚ್ಚು ಅಳಿಸಿ ಹೊಸ ಹೆಸರು ಹೊಡೆದು ಮಾರುವವರೂ ಇದ್ದಾರೆ. ಹೆಸರು ನೋಡಿ ಹತ್ತು ಪಟ್ಟು ದುಡ್ಡು ಸುರಿಯುವ ಮೊದಲು ಪ್ಲೇಟ್‌ನ ಆಕಾರ, ಗೆಟರ್‌ನ ಜಾಗ ನೋಡಿ ಗುರುತಿಸುವುದನ್ನು ಕಲಿಯಿರಿ. ಹೊಸಬರಿಗೆ ನಾನು ಹೇಳುವುದಿಷ್ಟು: ಮೊದಲು ಒಳ್ಳೇ ಹೆಡ್‌ಫೋನ್‌ಗೆ ದುಡ್ಡು ಹಾಕಿ, ವಾಲ್ವ್‌ಗೆ ಆಮೇಲೆ.

ಈಗ ನಮ್ಮೂರಿನ ಮಾತು. ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಶುರುವಾದದ್ದು 1954ರಲ್ಲಿ. ಅಲ್ಲಿ 1961ರಲ್ಲಿ ರೇಡಿಯೋಗೆ ಬೇಕಾದ ರಿಸೀವಿಂಗ್ ವಾಲ್ವ್‌ಗಳನ್ನು ಮಾಡಲು ಆರಂಭಿಸಿದರು. ನಮ್ಮ ಮನೆಗಳಲ್ಲಿ ಅಜ್ಜ ಅಜ್ಜಿ ಕೇಳಿದ ಎಷ್ಟೋ ರೇಡಿಯೋಗಳ ಹೊಟ್ಟೆಯಲ್ಲಿ ಉರಿದದ್ದು ಬೆಂಗಳೂರಿನ ವಾಲ್ವ್. ಬಿಇಎಲ್‌ನ ಇಎಲ್84, ಇಸಿಸಿ83 ಈಗಲೂ ಹಳೇ ಸ್ಟಾಕ್ ಆಗಿ ಸಿಗುತ್ತವೆ, ಹೊರದೇಶದ ಗಿಟಾರ್ ಆಂಪ್‌ನವರೂ ಹುಡುಕಿ ಕೊಳ್ಳುತ್ತಾರೆ. ಇಎಲ್84 ಅನ್ನು ಟ್ರಯೋಡ್ ಮಾಡಿ ಜೋಡಿಸಿ, ಒಂದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇಟ್ಟರೆ ಕಡಿಮೆ ಓಮ್‌ನ ಹೆಡ್‌ಫೋನ್‌ಗಳನ್ನೂ ನಡೆಸುವ ಆಂಪ್ ಆಗುತ್ತದೆ. ಟ್ರಾನ್ಸ್‌ಫಾರ್ಮರ್ ಸುತ್ತಿಕೊಡುವವರು ನಮ್ಮ ಊರಲ್ಲಿ ಇನ್ನೂ ಇದ್ದಾರೆ. ಪೂರ್ತಿ ಇಲ್ಲಿನ ಸಾಮಾನಿನಿಂದಲೇ ಒಂದು ಹೆಡ್‌ಫೋನ್ ಆಂಪ್ ಕಟ್ಟಬೇಕೆಂದು ನನಗೆ ತುಂಬಾ ಆಸೆ. ಯಾರಾದರೂ ಜೊತೆ ಸೇರುತ್ತೀರಾದರೆ ಹೇಳಿ.

ಹೊಸ ವಾಲ್ವ್ ಮಾಡುವವರು ಜಗತ್ತಿನಲ್ಲಿ ಈಗ ಬೆರಳೆಣಿಕೆ. ಸ್ಲೊವಾಕಿಯಾದ ಜೆಜೆ, ರಷ್ಯಾದ ಸರಾಟೊವ್‌ನ ಕಾರ್ಖಾನೆ, ಚೀನಾದಲ್ಲಿ ಕೆಲವರು. 2022ರ ಮಾರ್ಚ್‌ನಲ್ಲಿ ರಷ್ಯಾದಿಂದ ವಾಲ್ವ್ ರಫ್ತು ನಿಂತಾಗ ಎಲ್ಲ ಕಡೆ ಗಾಬರಿಯಾಯಿತು, ಬೆಲೆ ಏರಿತು. ಆಮೇಲೆ ಪೂರೈಕೆ ಮತ್ತೆ ಶುರುವಾಯಿತು. ಹೊಸ ಜಾತಿಯದೂ ಒಂದಿದೆ. 2015ರಲ್ಲಿ ಜಪಾನಿನ ಕೋರ್ಗ್ ಮತ್ತು ನೊರಿಟಾಕೆ ಸೇರಿ ತಂದ ನ್ಯೂಟ್ಯೂಬ್ ಅದು. ಹಳೇ ವಿಸಿಆರ್, ಮ್ಯೂಸಿಕ್ ಸಿಸ್ಟಮ್‌ಗಳ ಹಸಿರು ಡಿಸ್‌ಪ್ಲೇ ಮಾಡುವ ತಂತ್ರದಲ್ಲೇ ಟ್ರಯೋಡ್ ಮಾಡಿದ್ದಾರೆ. ಬ್ಯಾಟರಿಯಲ್ಲೂ ನಡೆಯುತ್ತದೆ.

ದುಡ್ಡು ಕಮ್ಮಿ ಇರುವವರಿಗೆ ಪೀಟ್ ಮಿಲೆಟ್ ಅವರ ಸ್ಟಾರ್ವಿಂಗ್ ಸ್ಟೂಡೆಂಟ್ ಸರ್ಕ್ಯೂಟ್ ಇದೆ. ಆಫೀಸಿನ ಮೇಜಿನ ಫೋನ್‌ಗೆ ಕೊಡುವಂತಹ 48 ವೋಲ್ಟ್ ಅಡಾಪ್ಟರ್, ಎರಡು ವಾಲ್ವ್, ಎರಡು ಮಾಸ್‌ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್). ಅವರು ಆರಿಸಿದ 19ಜೆ6 ವಾಲ್ವ್ ಆಗ ಯಾರಿಗೂ ಬೇಡವಾಗಿ ಚಿಲ್ಲರೆ ಬೆಲೆಗೆ ಸಿಗುತ್ತಿತ್ತು. ಹವ್ಯಾಸಿಗಳೆಲ್ಲ ಮುಗಿಬಿದ್ದು ಅದರ ಬೆಲೆಯನ್ನೇ ಏರಿಸಿಬಿಟ್ಟರು. ಈಗ 12ಎಯು7ಗೆ ಹೊಂದಿಸಿದ ರೂಪಗಳಿವೆ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ 6ಜೆ1 ಪೆಟ್ಟಿಗೆಗಳೂ ಕಲಿಯಲು ಸಾಕು. ಕೆಲವದರಲ್ಲಿ ವಾಲ್ವ್ ಕೆಳಗೆ ಕಿತ್ತಳೆ ಎಲ್‌ಇಡಿ ಇಟ್ಟಿರುತ್ತಾರೆ, ಆ ಬೆಳಕು ವಾಲ್ವ್‌ನದಲ್ಲ.

ಮನೆಗೆ ಹೋಗುವ ಮೊದಲು ಇದನ್ನು ಕೇಳಿಸಿಕೊಳ್ಳಿ. ಈ ಆಂಪ್‌ನಲ್ಲಿರುವ 170 ವೋಲ್ಟ್ ಡಿಸಿ ಜೀವ ತೆಗೆಯಬಲ್ಲದು. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್‌ನಲ್ಲಿ ಅದು ಉಳಿದಿರುತ್ತದೆ. ಅದನ್ನು ತಾನಾಗೇ ಖಾಲಿ ಮಾಡುವ ಬ್ಲೀಡರ್ ರೆಸಿಸ್ಟರ್ ಹಾಕಲೇಬೇಕು, ಹಾಕಿದ್ದರೂ ಮೀಟರ್ ಇಟ್ಟು ಸೊನ್ನೆಗೆ ಬಂದಿದೆ ಎಂದು ನೋಡದೆ ಒಳಗೆ ಕೈ ಹಾಕಬಾರದು. ಆನ್ ಇರುವಾಗ ಅಳೆಯುವುದಾದರೆ ಒಂದೇ ಕೈ, ಇನ್ನೊಂದು ಕೈ ಜೇಬಿನಲ್ಲಿ. ಡಬ್ಬಿಗೆ ಮೂರು ಪಿನ್ನಿನ ಅರ್ಥ್ ಬೇಕೇ ಬೇಕು. ಆನ್ ಮಾಡಿದಾಗ ಔಟ್‌ಪುಟ್ ಕೆಪ್ಯಾಸಿಟರ್ ಚಾರ್ಜ್ ಆಗುವ ಹೊತ್ತಿನಲ್ಲಿ ಹೆಡ್‌ಫೋನ್ ಸಿಕ್ಕಿಸಿರಬೇಡಿ. ಒಂದೆರಡು ನಿಮಿಷ ಕಾದು ಆಮೇಲೆ ಹಾಕಿ. ಅಮೆರಿಕದಿಂದ ಕಿಟ್ ತರಿಸುವವರು ಟ್ರಾನ್ಸ್‌ಫಾರ್ಮರ್ ನಮ್ಮ 230 ವೋಲ್ಟ್‌ಗೆ ಹೊಂದುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ವಾಲ್ವ್ ಸುತ್ತ ಜಾಲರಿ ಹಾಕಿ, 6ಎಎಸ್7 ಗಾಜು ಮುಟ್ಟಿದರೆ ಬೊಬ್ಬೆ ಏಳುತ್ತದೆ.

ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಕೇಳಿದ ಪ್ರಶ್ನೆ: "ಸರ್, ನನ್ನ ಹತ್ತಿರ 16 ಓಮ್ ಇಯರ್‌ಫೋನ್ ಮಾತ್ರ ಇದೆ. ಏನು ಕಟ್ಟಲಿ?"

ಒಟಿಎಲ್ ಬೇಡಪ್ಪ. ಹೈಬ್ರಿಡ್ ಕಟ್ಟು. ಮುಂದೆ ಒಂದು ವಾಲ್ವ್ ವೋಲ್ಟೇಜ್ ಹೆಚ್ಚಿಸಲಿ, ಹಿಂದೆ ಮಾಸ್‌ಫೆಟ್ ಅಥವಾ ಆಪ್‌ಆಂಪ್ ಚಿಪ್ ಕರೆಂಟ್ ಕೊಡಲಿ. ಔಟ್‌ಪುಟ್ ಇಂಪೀಡೆನ್ಸ್ 2 ಓಮ್ ಒಳಗೆ ಬರುವಂತೆ ನೋಡಿಕೋ. 24 ಅಥವಾ 48 ವೋಲ್ಟ್‌ನಲ್ಲೇ ಮುಗಿಯುತ್ತದೆ, ಮೊದಲ ಸಲ ಕಟ್ಟುವವರಿಗೆ ಅಪಾಯವೂ ಕಮ್ಮಿ. ಅದರಲ್ಲಿ ಬಿಸಿ ಮಾಡುವುದು, ಬಯಾಸ್ ಇಡುವುದು, ಹಮ್ ಕಳೆಯುವುದು ಎಲ್ಲ ಕಲಿಯಬಹುದು.

ಹಿರಿಯರೊಬ್ಬರು ಕೇಳಿದ್ದು: "ನಮ್ಮ ತಂದೆ ರೇಡಿಯೋ ರಿಪೇರಿ ಮಾಡುತ್ತಿದ್ದರು. ಅಟ್ಟದ ಮೇಲೆ ಒಂದು ಪೆಟ್ಟಿಗೆ ತುಂಬಾ ವಾಲ್ವ್ ಇವೆ. ಏನಾದರೂ ಉಪಯೋಗ ಇದೆಯಾ?"

ಖಂಡಿತ ಇದೆ ಸರ್, ದಯವಿಟ್ಟು ಗುಜರಿಗೆ ಹಾಕಬೇಡಿ. ಮೊದಲು ಹೆಸರಿನ ಮೊದಲ ಅಕ್ಷರ ನೋಡಿ ಮೂರು ಗುಂಪು ಮಾಡಿ. 'ಇ' ಇಂದ ಶುರುವಾದರೆ 6.3 ವೋಲ್ಟ್ ಹೀಟರ್, ನಮ್ಮ ಕೆಲಸಕ್ಕೆ ನೇರ ಬರುತ್ತವೆ. 'ಪಿ' ಆದರೆ ಟಿವಿಯವು, 300 ಮಿಲಿಆಂಪ್ ಸರಣಿ ಹೀಟರ್. 'ಯು' ಆದರೆ 100 ಮಿಲಿಆಂಪ್ ಸರಣಿ. ಯುಎಲ್84, ಯುಸಿಎಲ್82 ಅಂತಹವು ಪೆಟ್ಟಿಗೆಯಲ್ಲಿ ಜಾಸ್ತಿ ಇರಬಹುದು. ಅವು ಇದ್ದದ್ದು ಎಸಿ-ಡಿಸಿ ರೇಡಿಯೋಗಳಲ್ಲಿ. ಆ ರೇಡಿಯೋಗಳ ಚಾಸಿ ನೇರ ಮೇನ್ಸ್‌ಗೆ ಸೇರಿರುತ್ತದೆ. ಅಂತಹ ಹಳೇ ರೇಡಿಯೋ ಮನೆಯಲ್ಲಿದ್ದರೆ ಅದಕ್ಕೆ ಹೆಡ್‌ಫೋನ್ ಜೋಡಿಸಲು ಯಾರಿಗೂ ಬಿಡಬೇಡಿ.

'ಇ' ಗುಂಪಿನಲ್ಲಿ ಇಸಿಸಿ82, ಇಸಿಸಿ83, ಇಎಲ್84 ಇದ್ದರೆ ಬೇರೆ ಎತ್ತಿಡಿ. ಗಾಜು ಒರೆಸುವಾಗ ಅಚ್ಚು ಉಜ್ಜಬೇಡಿ, ಬೇಗ ಅಳಿಸಿಹೋಗುತ್ತದೆ. ಗೆಟರ್ ಬೆಳ್ಳಗಾಗಿರುವವನ್ನು ತೆಗೆದುಹಾಕಿ. ಉಳಿದವುಗಳಲ್ಲಿ 4 ಮತ್ತು 5ನೇ ಪಿನ್ ನಡುವೆ ಮೀಟರ್ ಇಟ್ಟು ನೋಡಿ, ಕೆಲವೇ ಓಮ್ ತೋರಿಸಿದರೆ ಹೀಟರ್ ಕಡಿದಿಲ್ಲ. ಅಷ್ಟು ಮಾಡಿ ಮುಂದಿನ ಕೂಟಕ್ಕೆ ತನ್ನಿ. ಬಿಇಎಲ್ ಅಚ್ಚಿನ ಇಎಲ್84 ಜೋಡಿ ಸಿಕ್ಕರೆ ಮೊದಲ ಆಂಪ್ ನಿಮ್ಮದೇ ಪೆಟ್ಟಿಗೆಯ ವಾಲ್ವ್‌ನಿಂದ ಕಟ್ಟೋಣ.